ಓದುಗರ ಪ್ರಶ್ನೆ: ಡೀಗ್ ಅರಮನೆ ನೋಡುವುದು ಯಾವಾಗ, ಹೇಗೆ?

ಪ್ರಶ್ನೆ: ನವೆಂಬರ್‌ನಲ್ಲಿ ಆಗ್ರಾಕ್ಕೆ ಹೊರಟಿದ್ದೇವೆ. ಗುರುವಾರ ರಾತ್ರಿ ತಲುಪುತ್ತೇವೆ. ಶುಕ್ರವಾರ ತಾಜ್‌ಮಹಲ್‌ಗೆ ರಜೆ ಎಂದು ಗೊತ್ತಾಯಿತು. ಆ ದಿನ ರಾಜಸ್ಥಾನದ ಡೀಗ್ ನೋಡಿ ಬರಬಹುದೇ?
– ದಾವಣಗೆರೆಯ ಓದುಗರು

ಉತ್ತರ: ದಯವಿಟ್ಟು ಶುಕ್ರವಾರ ಬೇಡ. ಡೀಗ್ ಅರಮನೆಗೂ ಶುಕ್ರವಾರವೇ ರಜೆ. ತಾಜ್ ಮುಚ್ಚಿರುತ್ತದಲ್ಲ ಎಂದು ಅದೇ ದಿನ ಟ್ಯಾಕ್ಸಿ ಮಾಡಿಕೊಂಡು ಹೋಗಿ, ಬೀಗ ಹಾಕಿದ ಬಾಗಿಲು ನೋಡಿ ವಾಪಸಾಗುವವರು ಬಹಳ. ಶುಕ್ರವಾರ ಫತೇಪುರ್ ಸಿಕ್ರಿ ನೋಡಿಕೊಂಡು ಸಂಜೆಗೆ ಭರತ್‌ಪುರ ಸೇರಿ ಅಲ್ಲೇ ಉಳಿಯಿರಿ. ಸಿಕ್ರಿ ಆ ದಾರಿಯಲ್ಲೇ ಇದೆ, ಶುಕ್ರವಾರವೂ ತೆರೆದಿರುತ್ತದೆ. ಶನಿವಾರ ಬೆಳಗ್ಗೆ ಭರತ್‌ಪುರದಿಂದ ಡೀಗ್‌ಗೆ ಹೊರಡಿ. ಸುಮಾರು 35 ಕಿ.ಮೀ., ರಸ್ತೆಯಲ್ಲಿ ಒಂದು ಗಂಟೆ ಹಿಡಿಯುತ್ತದೆ. ಭಾನುವಾರ ಆಗ್ರಾಕ್ಕೆ ಮರಳಿ ತಾಜ್ ನೋಡಬಹುದು.

ನವೆಂಬರ್ ಒಳ್ಳೆಯ ತಿಂಗಳು. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಆ ಸೀಮೆಯಲ್ಲಿ ಮಂಜು ದಟ್ಟವಾಗಿ ಕವಿಯುತ್ತದೆ, ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಮೇ, ಜೂನ್‌ನಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಆಗ ಮಕ್ಕಳು, ವಯಸ್ಸಾದವರನ್ನು ಕರೆದೊಯ್ಯುವುದು ಬೇಡವೇ ಬೇಡ.

ಪ್ರಶ್ನೆ: ಡೀಗ್‌ನಲ್ಲಿ ನೂರಾರು ಕಾರಂಜಿಗಳಿವೆ ಎಂದು ಓದಿ ಹೋದೆವು. ಒಂದರಲ್ಲೂ ನೀರಿರಲಿಲ್ಲ. ಅವು ಕೆಟ್ಟಿವೆಯೇ? ಮೋಟಾರ್ ಇಲ್ಲದ ಕಾಲದಲ್ಲಿ ಹೇಗೆ ಚಿಮ್ಮುತ್ತಿದ್ದವು?
– ಶಿವಮೊಗ್ಗದ ಓದುಗರು

ಉತ್ತರ: ಕೆಟ್ಟಿಲ್ಲ. ವರ್ಷದಲ್ಲಿ ಹೆಚ್ಚೆಂದರೆ ಎರಡು ಸಂದರ್ಭದಲ್ಲಿ ಮಾತ್ರ ಬಿಡುತ್ತಾರೆ. ಏಕೆಂದು ತಿಳಿಯಬೇಕಾದರೆ ತೋಟದಿಂದ ಕಣ್ಣು ತೆಗೆದು ಅರಮನೆ ಆವರಣದಲ್ಲೇ ಇರುವ ಕಿಶನ್ ಭವನದ ಕಡೆ ನೋಡಬೇಕು. ಇಡೀ ವ್ಯವಸ್ಥೆಯ ಮೂಲ ಅಲ್ಲಿ ಎತ್ತರದಲ್ಲಿರುವ ದೊಡ್ಡ ತೊಟ್ಟಿ. ಹಿಂದೆ ಎತ್ತುಗಳನ್ನು ಕಟ್ಟಿ ಬಾವಿಗಳಿಂದ ಚರ್ಮದ ಚೀಲಗಳಲ್ಲಿ, ನಮ್ಮಲ್ಲಿ ಕಪಿಲೆ ಹೊಡೆಯುತ್ತಿದ್ದ ಹಾಗೆ, ನೀರೆತ್ತಿ ಅದನ್ನು ತುಂಬಿಸುತ್ತಿದ್ದರು. ತುಂಬಲು ದಿನಗಟ್ಟಲೆ ಬೇಕು, ಬರಿದಾಗಲು ಕೆಲವೇ ಗಂಟೆ ಸಾಕು.

ತೊಟ್ಟಿಯ ಗೋಡೆಯಲ್ಲಿ ಸಾಲಾಗಿ ತೂತುಗಳಿವೆ. ಒಂದೊಂದು ತೂತಿನಿಂದ ಒಂದೊಂದು ಕೊಳವೆ ಹೊರಟು ತೋಟದ ಬೇರೆ ಬೇರೆ ಕಾರಂಜಿಗಳಿಗೆ ಹೋಗುತ್ತದೆ. ತೂತಿಗೆ ಮರದ ಬೆಣೆ ಜಡಿದರೆ ಆ ಕಡೆಯ ಕಾರಂಜಿ ಬಂದ್, ಕಿತ್ತರೆ ಚಾಲೂ. ಬಣ್ಣದ ನೀರು ಬೇಕಾದಾಗ ಬಣ್ಣದ ಪುಡಿ ಕಟ್ಟಿದ ಬಟ್ಟೆಯ ಗಂಟನ್ನು ಕೊಳವೆಯ ಬಾಯಲ್ಲಿಡುತ್ತಾರೆ. ನೀರು ಅದರೊಳಗೆ ಸೋಸಿಕೊಂಡು ಹೋಗುವಾಗ ಬಣ್ಣ ಬಿಡುತ್ತದೆ. ಅಕ್ಕಪಕ್ಕದ ಎರಡು ಕಾರಂಜಿ ಎರಡು ಬಣ್ಣದಲ್ಲಿ ಚಿಮ್ಮುವ ಗುಟ್ಟು ಇಷ್ಟೇ.

ಎಲ್ಲವೂ ನೀರಿನ ಎತ್ತರದ ಬಲದಲ್ಲಿ ನಡೆಯುವುದರಿಂದ ತೊಟ್ಟಿಯ ಮಟ್ಟ ಇಳಿದಂತೆ ಕಾರಂಜಿಯೂ ಗಿಡ್ಡವಾಗುತ್ತದೆ. ಆದ್ದರಿಂದ ನೀರು ಬಿಡುವ ದಿನ ಶುರುವಿಗೇ ಅಲ್ಲಿರಬೇಕು. ತಡವಾಗಿ ಬಂದವರಿಗೆ ಸೊಂಟದೆತ್ತರದ ನೀರಷ್ಟೇ ಸಿಕ್ಕೀತು.

ಬಿಡುವುದು ಹೋಳಿಯ ಸುಮಾರಿಗೆ ನಡೆಯುವ ಬ್ರಜ್ ಉತ್ಸವದಲ್ಲಿ, ಮತ್ತು ಭಾದೋ (ಭಾದ್ರಪದ) ಅಮಾವಾಸ್ಯೆಯ ಜಾತ್ರೆಯ ದಿನಗಳಲ್ಲಿ. ಇಲ್ಲಿ ನಮ್ಮವರು ಎಡವುವುದು ಪಂಚಾಂಗದಲ್ಲಿ. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಹಾಗಾಗಿ ಅವರ ಭಾದ್ರಪದದ ಅಮಾವಾಸ್ಯೆ ನಮ್ಮ ಕ್ಯಾಲೆಂಡರ್‌ನಲ್ಲಿ ಶ್ರಾವಣದ ಅಮಾವಾಸ್ಯೆ. ನಮ್ಮ ಭಾದ್ರಪದ ನೋಡಿ ಟಿಕೆಟ್ ತೆಗೆಸಿದರೆ ಒಂದು ತಿಂಗಳು ತಡವಾಗಿ ಇಳಿಯುತ್ತೀರಿ. ದಿನ ಮತ್ತು ಹೊತ್ತನ್ನು ಮೊದಲೇ ಭರತ್‌ಪುರದ ಪ್ರವಾಸೋದ್ಯಮ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಹಳೆಯ ಬಟ್ಟೆ ಹಾಕಿಕೊಂಡು ಹೋಗಿ. ಗಾಳಿ ಬೀಸಿದರೆ ಬಣ್ಣದ ನೀರು ದಾರಿಯಲ್ಲಿ ನಿಂತವರ ಮೇಲೂ ಬರುತ್ತದೆ.

ಪ್ರಶ್ನೆ: ಗೈಡ್ ಇಲ್ಲದೆ ನೋಡಿದರೆ ಏನೂ ತಿಳಿಯದೇ ಹೋದೀತೆಂಬ ಭಯ. ಯಾವುದನ್ನು ತಪ್ಪಿಸಬಾರದು?
– ಧಾರವಾಡದ ಓದುಗರು

ಉತ್ತರ: ಒಂದು ಮಾತು ನೆನಪಿಡಿ: ಡೀಗ್ ಕಟ್ಟಿದ್ದು ಮಳೆಗಾಗಿ. 18ನೇ ಶತಮಾನದ ಜಾಟ್ ದೊರೆ ಬದನ್ ಸಿಂಗ್ ಡೀಗನ್ನು ರಾಜಧಾನಿ ಮಾಡಿಕೊಂಡ. ಅವನ ನಂತರ ಬಂದ ಸೂರಜ್‌ಮಲ್ ಈ ಅರಮನೆಗಳನ್ನು ಕಟ್ಟಿಸಿದ. ಒಣ ಸೀಮೆಯಲ್ಲಿ ಶ್ರಾವಣದ ಸುಖವನ್ನು ಕಲ್ಲಿನಲ್ಲಿ ಹಿಡಿದಿಡುವ ಹಂಬಲ ಇಲ್ಲಿ ಎಲ್ಲೆಲ್ಲೂ ಕಾಣುತ್ತದೆ.

ಗೋಪಾಲ ಭವನದಿಂದ ಆರಂಭಿಸಿ. ಅದರ ಹಿಂಬದಿ ಗೋಪಾಲ ಸಾಗರ ಎಂಬ ಕೆರೆಗೆ ಒರಗಿದೆ. ಮುಂದಿನಿಂದ ನೋಡಿದರೆ ಕಾಣದ ಕೆಳ ಅಂತಸ್ತುಗಳು ಕೆರೆಯ ಕಡೆಗಿವೆ, ಮಳೆಗಾಲದಲ್ಲಿ ನೀರು ಅವುಗಳವರೆಗೆ ಏರುತ್ತದೆ. ಎರಡೂ ಪಕ್ಕದ ಮಂಟಪಗಳ ಹೆಸರೇ ಸಾವನ್, ಭಾದೋ, ಅಂದರೆ ಮಳೆಯ ತಿಂಗಳುಗಳಾದ ಶ್ರಾವಣ, ಭಾದ್ರಪದ. ಪಲ್ಲಕ್ಕಿಯ ಮೇಲ್ಕಟ್ಟಿನಂತೆ ಬಾಗಿದ ಅವುಗಳ ಚಾವಣಿ ಗಮನಿಸಿ. ಒಳಗೆ ರಾಜಮನೆತನ ಬಳಸಿದ ಪೀಠೋಪಕರಣಗಳು, ಬಟ್ಟೆಯ ದೊಡ್ಡ ಬೀಸಣಿಗೆಗಳು ಹಾಗೆಯೇ ಉಳಿದಿವೆ. ನೆಲದಿಂದ ಗೇಣುದ್ದವಷ್ಟೇ ಎತ್ತರದ ಅಮೃತಶಿಲೆಯ ಊಟದ ಮೇಜನ್ನು ಹುಡುಕಿ ನೋಡಿ. ಅತಿಥಿಗಳು ಸುತ್ತ ನೆಲದ ಮೇಲೆ ಕೂರುತ್ತಿದ್ದರು, ಬಡಿಸುವವರು ನಡುವೆ. ನಮ್ಮ ಪಂಕ್ತಿಯೂಟಕ್ಕೆ ಹತ್ತಿರದ ಕ್ರಮ.

ಹೊರಗೆ ತೋಟಕ್ಕೆ ಎದುರಾಗಿ ಬಿಳಿ ಅಮೃತಶಿಲೆಯ ಉಯ್ಯಾಲೆ ಕಮಾನಿದೆ. ಮೊಗಲರ ಅರಮನೆಯಿಂದ ಸೂರಜ್‌ಮಲ್ ತಂದದ್ದೆಂದು ಹೇಳುತ್ತಾರೆ. 1761ರಲ್ಲಿ ಅವನು ಆಗ್ರಾ ಕೋಟೆಯನ್ನೇ ಹಿಡಿದಿದ್ದ.

ಕೊನೆಗೆ ಕೇಶವ ಭವನ. ಗೋಡೆಗಳಿಲ್ಲದ, ಒಂದೊಂದು ಬದಿಗೆ ಐದೈದು ಕಮಾನುಗಳ ಈ ಮಂಟಪದಲ್ಲಿ ಸಣ್ಣ ತೂತುಗಳಿಂದ ನೀರು ಜಡಿಮಳೆಯಂತೆ ಸುರಿಯುತ್ತಿತ್ತು, ಮೇಲೆ ನೀರಿನ ರಭಸಕ್ಕೆ ಗುಂಡುಗಳು ಉರುಳಿ ಗುಡುಗಿನ ಸದ್ದು ಬರುತ್ತಿತ್ತು. ಕೆಳಗೆ ನಿಂತು ಕಮಾನಿನ ಅಂಚನ್ನು ಸೂಕ್ಷ್ಮವಾಗಿ ನೋಡಿದರೆ ಆ ತೂತುಗಳು ಸಿಗುತ್ತವೆ. ಹೆಚ್ಚಿನವರು ನೆರಳಿಗೆಂದು ಕೂತು ಎದ್ದುಹೋಗುತ್ತಾರೆ, ತಲೆ ಎತ್ತುವುದೇ ಇಲ್ಲ.

ಇಷ್ಟಕ್ಕೆ ಮೂರು ಗಂಟೆ ಬೇಕು. ಪಕ್ಕದ ಕೋಟೆಗೆ ಇನ್ನೊಂದು ಗಂಟೆ. 1804ರ ಡಿಸೆಂಬರ್‌ನಲ್ಲಿ ಲಾರ್ಡ್ ಲೇಕ್‌ನ ಬ್ರಿಟಿಷ್ ಸೇನೆ ಹಿಡಿದ ಕೋಟೆ ಅದು. ಅಗಲವಾದ ಕಂದಕ, ದಪ್ಪ ಗೋಡೆ, ಬುರುಜಿನ ಮೇಲೆ ಫಿರಂಗಿ ಇಂದಿಗೂ ಇವೆ.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಗೋವರ್ಧನವನ್ನೂ ನೋಡುವಾಸೆ. ಒಂದೇ ದಿನದಲ್ಲಿ ಆಗುತ್ತದೆಯೇ?
– ಬೆಳಗಾವಿಯ ಓದುಗರು

ಉತ್ತರ: ಆಗುತ್ತದೆ. ನಿಮ್ಮ ಊರಿನಿಂದ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಮಥುರಾಕ್ಕೆ ಬನ್ನಿ. ಮಥುರಾದಿಂದ ಡೀಗ್‌ಗೆ ಹೋಗುವ ರಸ್ತೆಯಲ್ಲೇ ಗೋವರ್ಧನ ಸಿಗುತ್ತದೆ. ಬೆಳಗ್ಗೆ ನೇರ ಡೀಗ್‌ಗೆ ಹೋಗಿ, ಮರಳುವಾಗ ಗೋವರ್ಧನದಲ್ಲಿ ಇಳಿಯಿರಿ. ಅಲ್ಲಿನ ಕುಸುಮ ಸರೋವರದ ದಂಡೆಯಲ್ಲಿರುವುದು ಸೂರಜ್‌ಮಲ್‌ನ ಸ್ಮಾರಕ, ಮಗ ಜವಾಹರ್ ಸಿಂಗ್ ಕಟ್ಟಿಸಿದ್ದು. ಡೀಗ್ ನೋಡಿದ ಕಣ್ಣಿಗೆ ಅದೇ ಕೈಚಳಕ ಥಟ್ಟನೆ ಗುರುತು ಸಿಗುತ್ತದೆ.

ಅಮ್ಮನವರಿಗೆ ತೋಟದ ದಾರಿಗಳು ತೊಂದರೆ ಕೊಡಲಾರವು, ಸಮತಟ್ಟಾಗಿವೆ. ಗೋಪಾಲ ಭವನದ ಮೇಲಂತಸ್ತು ಮತ್ತು ಕೋಟೆಯ ಬುರುಜನ್ನು ಅವರಿಗೆ ಬಿಟ್ಟುಬಿಡಿ. ಗುರುಪೂರ್ಣಿಮೆ, ದೀಪಾವಳಿಯ ಮರುದಿನದ ಗೋವರ್ಧನ ಪೂಜೆ ಮತ್ತು ಅಧಿಕಮಾಸದಲ್ಲಿ ಈ ರಸ್ತೆ ಹಿಡಿಯಬೇಡಿ. ಪರಿಕ್ರಮೆಯ ಜನಸಾಗರದಲ್ಲಿ ವಾಹನ ಕದಲುವುದಿಲ್ಲ. ಆ ದಿನಗಳಲ್ಲಿ ಭರತ್‌ಪುರದ ಕಡೆಯಿಂದ ಬನ್ನಿ.

ಉಳಿಯಲು ಡೀಗ್‌ಗಿಂತ ಮಥುರಾ ಅಥವಾ ಭರತ್‌ಪುರವೇ ಅನುಕೂಲ. ಕುಡಿಯುವ ನೀರು, ಚಿಲ್ಲರೆ ಹಣ ಜೊತೆಗಿರಲಿ. ಕೋತಿಗಳ ಕಾಟವಿದೆ, ತಿಂಡಿಯ ಚೀಲ ಕಾರಿನಲ್ಲೇ ಇರಲಿ.