ಮಿಲಿಷಿಯಾ ಎಂದರೆ ಸೇನೆಯಲ್ಲ: ನಿಮ್ಮ ಲೇಖನ ಮರಳಿಸುತ್ತಾ

ಮಾನ್ಯರೇ,

‘ಬಂದೂಕಿನ ಹಕ್ಕು ಯಾರದ್ದು?’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿಯಲ್ಲಿ ‘ಮಿಲಿಷಿಯಾ’ ಎಂಬ ಪದವಿದೆ, ಮಿಲಿಷಿಯಾ ಎಂದರೆ ಸೇನೆ, ಆದ್ದರಿಂದ ಆ ಹಕ್ಕು ಸೈನಿಕರಿಗೆ ಸೇರಿದ್ದೇ ಹೊರತು ಜನಸಾಮಾನ್ಯರಿಗಲ್ಲ ಎಂಬುದು ನಿಮ್ಮ ವಾದ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗುವುದಿಲ್ಲ. ನಿಮ್ಮ ನಿಲುವಿನ ಬಗ್ಗೆ ನಮ್ಮ ತಕರಾರಿಲ್ಲ; ಆ ನಿಲುವಿಗೆ ಹತ್ತಿರವಾದದ್ದನ್ನು ಅಲ್ಲಿನ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳೇ ಬರೆದಿದ್ದಾರೆ. ತೊಂದರೆ ಇರುವುದು ಆ ಒಂದು ಪದದಲ್ಲಿ: ಆ ಕಾಲಕ್ಕೆ ಅದು ಕರೆ ಬಂದಾಗ ಕೋವಿ ಹಿಡಿದು ಬರಬೇಕಾದ ಊರ ಜನರ ಪಡೆ. ಮೊದಲ ಪುಟದಲ್ಲಿ ಮಿಲಿಷಿಯಾ ನಿಮಗೆ ಸೇನೆ, ಮೂರನೇ ಪುಟದಲ್ಲಿ ನ್ಯಾಷನಲ್ ಗಾರ್ಡ್ ಎಂಬ ರಾಜ್ಯಗಳ ಮೀಸಲು ಪಡೆ, ಐದನೆಯದರಲ್ಲಿ ಕಾಡಿನಲ್ಲಿ ಕವಾಯತು ಮಾಡುವ ಖಾಸಗಿ ಗುಂಪು, ಕೊನೆಗೆ ಬರುವ ಹೊತ್ತಿಗೆ ‘ಇಡೀ ಜನತೆ’. ಪದ ಜಾರಿದಲ್ಲೆಲ್ಲ ವಾದವೂ ಜಾರಿದೆ.

ಮೊದಲು ಅನುವಾದ ಸರಿಪಡಿಸಿಕೊಳ್ಳಿ. ಮೂಲದಲ್ಲಿ ಇರುವುದು 27 ಪದಗಳು. ನೀವು ಬರೆದದ್ದು ಹೀಗಿದೆ: ‘ಸ್ವತಂತ್ರ ರಾಜ್ಯದ ಭದ್ರತೆಗೆ ಸರ್ಕಾರದ ನಿಯಂತ್ರಣದಲ್ಲಿರುವ ಸೇನೆ ಅಗತ್ಯವಿರುವವರೆಗೆ, ಜನರು ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಮೊಟಕುಗೊಳಿಸಬಾರದು.’ ಇದರಲ್ಲಿ ‘ಅಗತ್ಯವಿರುವವರೆಗೆ’ ಎಂಬುದೇ ದೊಡ್ಡ ತಪ್ಪು. ಮೂಲದಲ್ಲಿ ಕಾಲಮಿತಿ ಇಲ್ಲ, ಕಾರಣವಿದೆ. ಆ ಕಾರಣವು ಹಕ್ಕಿಗೆ ಬೇಲಿ ಹಾಕುತ್ತದೆಯೋ ಅಥವಾ ಹಕ್ಕನ್ನು ಏಕೆ ಬರೆದಿಟ್ಟರು ಎಂದು ಹೇಳುತ್ತದೆಯೋ ಎಂಬುದೇ ಇಡೀ ಜಗಳ. ನೀವು ಆ ಜಗಳವನ್ನು ಒಂದು ಪ್ರತ್ಯಯದಲ್ಲಿ ಮುಗಿಸಿಬಿಟ್ಟಿದ್ದೀರಿ. ‘ಸರ್ಕಾರದ ನಿಯಂತ್ರಣ’ವೂ ಮೂಲದಲ್ಲಿ ಇಲ್ಲ, ಅಲ್ಲಿನ ಪದಕ್ಕೆ ತರಬೇತಿ, ಶಿಸ್ತು ಇರುವ ಪಡೆ ಎಂಬ ಅರ್ಥ. ಇನ್ನು ‘ಧರಿಸುವ’ ಎಂಬುದನ್ನು ಬಿಟ್ಟೇಬಿಟ್ಟಿದ್ದೀರಿ. ಆಯುಧ ಧರಿಸುವುದು ಎಂದರೆ ಸೈನ್ಯದಲ್ಲಿ ಸೇವೆ ಮಾಡುವುದು ಎಂದು ಒಂದು ಪಕ್ಷ, ಮೈಮೇಲೆ ಹೊತ್ತು ತಿರುಗುವುದು ಎಂದು ಇನ್ನೊಂದು ಪಕ್ಷ ವಾದಿಸುವುದು ಆ ಪದದ ಮೇಲೆಯೇ. ಹೀಗೆ ಬರೆಯಿರಿ: ‘ಸುಶಿಕ್ಷಿತ ಮಿಲಿಷಿಯಾ ಸ್ವತಂತ್ರ ರಾಜ್ಯದ ಭದ್ರತೆಗೆ ಅಗತ್ಯವಾಗಿರುವುದರಿಂದ, ಆಯುಧಗಳನ್ನು ಇಟ್ಟುಕೊಳ್ಳುವ ಮತ್ತು ಧರಿಸುವ ಜನರ ಹಕ್ಕಿಗೆ ಭಂಗ ತರತಕ್ಕದ್ದಲ್ಲ.’ ‘ರಾಜ್ಯ’ ಪದವನ್ನು ಬದಲಿಸಬೇಡಿ. ಅದು ವರ್ಜೀನಿಯಾದಂಥ ಒಂದು ರಾಜ್ಯವೋ, ಒಟ್ಟು ಪ್ರಭುತ್ವವೋ ಎಂಬ ಚರ್ಚೆ ಅಲ್ಲೂ ಇದೆ. ನಮ್ಮ ಪದ ಎರಡನ್ನೂ ಹಿಡಿದಿಡುತ್ತದೆ.

ಮಿಲಿಷಿಯಾಕ್ಕೆ ಕನ್ನಡ ಪದ ಹುಡುಕುವ ಗೋಜಿಗೆ ಹೋಗಬೇಡಿ. ‘ಸೇನೆ’ ಎಂದರೆ ಅರ್ಥ ತಿರುವುಮುರುವಾಗುತ್ತದೆ, ಏಕೆಂದರೆ ಸಂಬಳದ ಸ್ಥಾಯಿ ಸೇನೆಯ ಮೇಲಿನ ಭಯದಿಂದಲೇ ಮಿಲಿಷಿಯಾವನ್ನು ಹೊಗಳುತ್ತಿದ್ದರು. ‘ಗೃಹರಕ್ಷಕ ದಳ’ವೂ ಆಗದು, ನಮ್ಮಲ್ಲಿ ಅದಕ್ಕೆ ಇಷ್ಟವಿದ್ದವರು ಸೇರುತ್ತಾರೆ, ಅಲ್ಲಿ ಸೇರುವುದು ಕಡ್ಡಾಯವಾಗಿತ್ತು. ಹಾಗೇ ಇಟ್ಟು, ಅದೇನೆಂದು ಒಂದು ಪ್ಯಾರಾದಲ್ಲಿ ತೋರಿಸಿ.

ತೋರಿಸಲು ಬೇಕಾದ್ದೆಲ್ಲ 1792ರ ಮೇ ತಿಂಗಳ ಮಿಲಿಷಿಯಾ ಕಾಯ್ದೆಯಲ್ಲಿದೆ. ತಿದ್ದುಪಡಿ ಜಾರಿಗೆ ಬಂದದ್ದು 1791ರ ಡಿಸೆಂಬರ್ 15ರಂದು. ಅಂದರೆ ಆರು ತಿಂಗಳೂ ತುಂಬುವ ಮೊದಲೇ ಬಂದ ಕಾನೂನು ಇದು. ನಿಮ್ಮ ಲೇಖನದಲ್ಲಿ ಇದರ ಹೆಸರೇ ಇಲ್ಲದಿರುವುದು ನಮಗೆ ನಿಜಕ್ಕೂ ಬೇಸರ ತಂದಿತು. 18ರಿಂದ 45 ವರ್ಷದೊಳಗಿನ, ಮೈಯಲ್ಲಿ ಕಸುವಿರುವ, ಸ್ವತಂತ್ರ ಬಿಳಿಯ ಗಂಡಸು ಪ್ರತಿಯೊಬ್ಬನ ಹೆಸರನ್ನೂ ಆಯಾ ಊರಿನ ಕ್ಯಾಪ್ಟನ್ ಪಟ್ಟಿಗೆ ಸೇರಿಸಬೇಕು. ತಿಳಿಸಿದ ಆರು ತಿಂಗಳೊಳಗೆ ಆತ ಸ್ವಂತ ಖರ್ಚಿನಲ್ಲಿ ಒಂದು ಒಳ್ಳೆಯ ಮಸ್ಕೆಟ್ ಕೋವಿ, ಬಯೊನೆಟ್ಟು, ಸೊಂಟಪಟ್ಟಿ, ಎರಡು ಹೆಚ್ಚುವರಿ ಚಕಮಕಿ ಕಲ್ಲು, ಬೆನ್ನುಚೀಲ, ಕನಿಷ್ಠ 24 ತೋಟಾ ಹಿಡಿಸುವ ಪೆಟ್ಟಿಗೆ ಹೊಂದಿಸಿಕೊಳ್ಳಬೇಕು. ರೈಫಲ್ ಇದ್ದವನಿಗೆ ಲೆಕ್ಕ ಬೇರೆ: 20 ಗುಂಡು, ಕಾಲು ಪೌಂಡ್ ಮದ್ದು, ಮದ್ದಿನ ಕೊಂಬು. ಈ ಸಾಮಾನುಗಳನ್ನು ಸಾಲಕ್ಕಾಗಲಿ ತೆರಿಗೆ ಬಾಕಿಗಾಗಲಿ ಜಪ್ತಿ ಮಾಡುವಂತಿರಲಿಲ್ಲ. ಈ ಒಂದು ಸಾಲು ನಿಮ್ಮ ಹತ್ತು ಸಾಲು ವಾದಕ್ಕಿಂತ ಹೆಚ್ಚು ಹೇಳುತ್ತದೆ. ಮನೆಯ ಗೂಟಕ್ಕೆ ನೇತುಹಾಕಿದ ಕೋವಿ ಅವನ ಸ್ವಂತದ್ದೂ ಹೌದು, ಊರಿನ ಕೆಲಸಕ್ಕೆ ಮೀಸಲಾದದ್ದೂ ಹೌದು. ಹಕ್ಕೂ ಕರ್ತವ್ಯವೂ ಅಲ್ಲಿ ಬೇರೆಯಾಗಿರಲಿಲ್ಲ. ಈಗಿನ ವಾದದ ಎರಡೂ ಕಡೆಯವರು ಒಂದೊಂದು ತುದಿ ಹಿಡಿದು ಎಳೆಯುತ್ತಿದ್ದಾರೆ.

ಕಾಯ್ದೆ ಕಾಗದದಲ್ಲಿದ್ದಂತೆ ನಡೆಯಲಿಲ್ಲ ಎಂಬುದನ್ನೂ ಬರೆಯಬೇಕು. ಕೋವಿ ತರದವನಿಗೆ ಒಕ್ಕೂಟದ ಕಾಯ್ದೆಯಲ್ಲಿ ದಂಡವಿರಲಿಲ್ಲ, ಅದು ರಾಜ್ಯಗಳ ಪಾಲಿಗೆ ಬಿಟ್ಟ ಕೆಲಸವಾಗಿತ್ತು. ಕೊನೆಗೆ 1808ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸೇ ಮಿಲಿಷಿಯಾಕ್ಕೆ ಆಯುಧ ಒದಗಿಸಲು ವರ್ಷಕ್ಕೆ 2 ಲಕ್ಷ ಡಾಲರ್ ತೆಗೆದಿಟ್ಟಿತು. ‘ಬಿಳಿಯ’ ಎಂಬ ಪದವನ್ನೂ ಹಾರಿಸಬೇಡಿ. ದಕ್ಷಿಣದ ರಾಜ್ಯಗಳಲ್ಲಿ ಗುಲಾಮರನ್ನು ಹತೋಟಿಯಲ್ಲಿಡುವ ಗಸ್ತಿಗೂ ಮಿಲಿಷಿಯಾಕ್ಕೂ ನಂಟಿತ್ತು.

ನೀವು ಕೊಟ್ಟ ಎರಡು ಉದ್ಧರಣೆಗಳಿಗೆ ಬರೋಣ. ದಬ್ಬಾಳಿಕೆಯಿಂದ ರಕ್ಷಿಸಿಕೊಳ್ಳುವುದೇ ಜನ ಆಯುಧ ಇಟ್ಟುಕೊಳ್ಳಲು ಪ್ರಬಲ ಕಾರಣ ಎಂಬ ಮಾತು ಥಾಮಸ್ ಜೆಫರ್ಸನ್ ಬರಹಗಳಲ್ಲಿ ಎಲ್ಲೂ ಇಲ್ಲ. ತೆಗೆಯಿರಿ. ವರ್ಜೀನಿಯಾದ ಮುಖಂಡ ಜಾರ್ಜ್ ಮೇಸನ್ ಹೇಳಿದ ‘ಮಿಲಿಷಿಯಾ ಎಂದರೆ ಇಡೀ ಜನತೆ’ ಎಂಬುದು ನಿಜವಾದ ಮಾತು, ಆದರೆ ಅರ್ಧ. 1788ರ ಜೂನ್‌ನಲ್ಲಿ, ಹೊಸ ಸಂವಿಧಾನವನ್ನು ಒಪ್ಪಬೇಕೇ ಎಂದು ಚರ್ಚಿಸಿದ ವರ್ಜೀನಿಯಾ ಸಮಾವೇಶದಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಕೆಲವು ಅಧಿಕಾರಿಗಳನ್ನು ಬಿಟ್ಟರೆ ಈಗ ಇಡೀ ಜನತೆಯೇ ಮಿಲಿಷಿಯಾ, ಮುಂದೆ ಯಾರಿರುತ್ತಾರೋ ಹೇಳಲಾರೆ. ಸಿರಿವಂತರು ವಿನಾಯಿತಿ ಪಡೆದು, ಭಾರವೆಲ್ಲ ಬಡವರು, ಮಧ್ಯಮ ವರ್ಗದವರ ಮೇಲೆ ಬಿದ್ದೀತು ಎಂಬ ಆತಂಕದಲ್ಲಿ ಆಡಿದ ಮಾತದು. ಆ ‘ಈಗ’ ಎಂಬುದನ್ನು ಬಿಟ್ಟು ಮುದ್ರಿಸುವುದು ಮೇಸನ್‌ಗೂ ಓದುಗರಿಗೂ ಮಾಡುವ ಅನ್ಯಾಯ.

ಮುಂದಿನ ತಿರುವು 1903. ಆ ವರ್ಷದ ಕಾಯ್ದೆ ಮಿಲಿಷಿಯಾವನ್ನು ಎರಡಾಗಿ ಸೀಳಿತು: ಸಂಘಟಿತ ಭಾಗ ನ್ಯಾಷನಲ್ ಗಾರ್ಡ್ ಆಯಿತು, ಉಳಿದವರು ಪಟ್ಟಿ, ಕವಾಯತು ಯಾವುದೂ ಇಲ್ಲದೆ ಹೆಸರಿಗಷ್ಟೇ ಉಳಿದರು. ಈಗಲೂ ಒಕ್ಕೂಟದ ಸಂಹಿತೆಯ 10ನೇ ಶೀರ್ಷಿಕೆಯ 246ನೇ ಕಲಂ ಪ್ರಕಾರ, 17ರಿಂದ 45ರೊಳಗಿನ ದೃಢಕಾಯ ಪುರುಷರೆಲ್ಲ, ಅವರು ಪ್ರಜೆಗಳಾಗಿದ್ದರೆ ಅಥವಾ ಪ್ರಜೆಯಾಗುವ ಉದ್ದೇಶ ಘೋಷಿಸಿದ್ದರೆ, ಮಿಲಿಷಿಯಾದವರೇ. ಹೆಂಗಸರಲ್ಲಿ ನ್ಯಾಷನಲ್ ಗಾರ್ಡ್ ಸೇರಿದವರು ಮಾತ್ರ. ಅಮೆರಿಕದ ಪೌರತ್ವ ಪಡೆದ ಮೂವತ್ತರ ಹರೆಯದ ನಮ್ಮ ಮೈಸೂರಿನ ಹುಡುಗನೂ, ಕೋವಿ ಮುಟ್ಟದಿದ್ದರೂ, ಕಾನೂನಿನ ಲೆಕ್ಕದಲ್ಲಿ ಅಸಂಘಟಿತ ಮಿಲಿಷಿಯಾದ ಸದಸ್ಯ. ಈ ಉದಾಹರಣೆ ಬಳಸಿದರೆ ನಮ್ಮ ಓದುಗರಿಗೆ ವಿಷಯ ತಟ್ಟನೆ ಹತ್ತಿರವಾಗುತ್ತದೆ.

ನ್ಯಾಯಾಲಯದ ಭಾಗವನ್ನು ಪೂರ್ತಿ ಮತ್ತೆ ಬರೆಯಬೇಕು. 1939ರ ಮಿಲ್ಲರ್ ಪ್ರಕರಣದಲ್ಲಿ ‘ಹಕ್ಕು ಸೇನೆಗೆ ಮಾತ್ರ’ ಎಂದು ತೀರ್ಪಾಯಿತು ಎಂದಿದ್ದೀರಿ. ಹಾಗೆ ಆಗಲಿಲ್ಲ. 18 ಅಂಗುಲಕ್ಕಿಂತ ಗಿಡ್ಡ ನಳಿಗೆಯ ಶಾಟ್‌ಗನ್ನಿಗೂ ಮಿಲಿಷಿಯಾದ ಕಾರ್ಯಕ್ಷಮತೆಗೂ ಸಂಬಂಧ ತೋರಿಸುವ ಸಾಕ್ಷ್ಯವಿಲ್ಲ, ಆದ್ದರಿಂದ ಅದಕ್ಕೆ ರಕ್ಷಣೆ ಇದೆ ಎನ್ನಲಾಗದು ಎಂದಿತು ಕೋರ್ಟು. ಪ್ರಶ್ನೆ ಎದ್ದದ್ದು ಆಯುಧದ ಬಗ್ಗೆ, ಆ ಮನುಷ್ಯ ಮಿಲಿಷಿಯಾದಲ್ಲಿ ಇದ್ದಾನೆಯೇ ಎಂಬ ಬಗ್ಗೆ ಅಲ್ಲ. ಆರೋಪಿ ಮಿಲ್ಲರ್ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಲು ಯಾರೂ ಬಂದಿರಲಿಲ್ಲ. ಆ ತೀರ್ಪನ್ನು ಎರಡೂ ಪಕ್ಷದವರು ತಮ್ಮದೆನ್ನುತ್ತಾರೆ.

2008ರ ಹೆಲ್ಲರ್ ತೀರ್ಪಿಗೆ ನೀವು ಎರಡೇ ಸಾಲು ಕೊಟ್ಟಿದ್ದೀರಿ. ಲೇಖನದ ನಡುಗಂಬವೇ ಅದಾಗಬೇಕು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ತಿದ್ದುಪಡಿಯ ಮೊದಲ ಭಾಗ ಪೀಠಿಕೆ, ಅದು ಉದ್ದೇಶ ಸಾರುತ್ತದೆ, ಹಕ್ಕನ್ನು ಕಿರಿದುಗೊಳಿಸುವುದಿಲ್ಲ ಎಂದರು. ಮನೆಯಲ್ಲಿ ಸ್ವರಕ್ಷಣೆಗೆ ಕೈಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕಾಯಿತು. ಭಿನ್ನಮತ ಬರೆದ ಸ್ಟೀವನ್ಸ್, ಕಾರಣವನ್ನು ಬರೆದಿಟ್ಟವರು ಅದನ್ನು ಅಲಂಕಾರಕ್ಕೆ ಬರೆದಿಲ್ಲ ಎಂಬ ದಾರಿ ಹಿಡಿದರು. ನಿಮ್ಮ ವಾದಕ್ಕೆ ಗಟ್ಟಿ ನೆಲ ಅಲ್ಲಿದೆ. ಆದರೆ ಅದು ಸೋತ ವಾದ ಎಂಬುದನ್ನು ಮುಚ್ಚಿಡದೆ ಬರೆಯಿರಿ, ಆಮೇಲೆ ಅದೇಕೆ ಸರಿ ಎನ್ನಿಸುತ್ತದೆ ಎಂದು ಹೇಳಿ. ಈ ಹಕ್ಕು ರಾಜ್ಯಗಳನ್ನೂ ಕಟ್ಟುತ್ತದೆ ಎಂದ 2010ರ ಮೆಕ್‌ಡೊನಾಲ್ಡ್, ಮನೆಯ ಹೊರಗೂ ಅದು ಅನ್ವಯಿಸುತ್ತದೆ ಎಂದ 2022ರ ಬ್ರೂಯೆನ್ ತೀರ್ಪುಗಳಿಗೆ ಒಂದೊಂದು ವಾಕ್ಯ ಸಾಕು.

ಖಾಸಗಿ ಗುಂಪುಗಳು ‘ಮಿಲಿಷಿಯಾ’ ಎಂದು ಕರೆದುಕೊಂಡ ಮಾತ್ರಕ್ಕೆ ಸಂವಿಧಾನದ ಮಿಲಿಷಿಯಾ ಆಗುವುದಿಲ್ಲ. ಅನುಮತಿಯಿಲ್ಲದೆ ಆಯುಧ ಹಿಡಿದು ಸೈನ್ಯದಂತೆ ಮೆರವಣಿಗೆ ಹೋಗುವುದನ್ನು ರಾಜ್ಯಗಳು ನಿಷೇಧಿಸಬಹುದು ಎಂದು 1886ರ ಪ್ರೆಸ್ಸರ್ ಪ್ರಕರಣದಲ್ಲೇ ತೀರ್ಮಾನವಾಗಿದೆ. ಹೆಲ್ಲರ್ ತೀರ್ಪೂ ಅದನ್ನು ಮುಟ್ಟಿಲ್ಲ. ಐದನೇ ಪುಟದಲ್ಲಿ ಅವರನ್ನು ‘ಸಶಸ್ತ್ರ ಗುಂಪು’ ಎನ್ನಿ.

ಕೊಡಗಿನ ಹೋಲಿಕೆ ಉಳಿಸಿಕೊಳ್ಳಿ, ಆದರೆ ತಿದ್ದಿ. ‘ಕೊಡವರಿಗೂ ಅಮೆರಿಕನ್ನರಂತೆ ಕೋವಿಯ ಹಕ್ಕಿದೆ’ ಎಂಬುದು ತಪ್ಪು. ಅವರಿಗೂ ಅಲ್ಲಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಂದ ವಿನಾಯಿತಿ. ಕೇಂದ್ರ ಸರ್ಕಾರ ಅಧಿಸೂಚನೆಯಿಂದ ಕೊಟ್ಟದ್ದು, 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿದ್ದು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿದದ್ದು. ಕೊಟ್ಟ ಸರ್ಕಾರ ಹಿಂತೆಗೆದುಕೊಳ್ಳಬಹುದು. ಎರಡನೇ ತಿದ್ದುಪಡಿಯನ್ನು ಹಾಗೆ ಹಿಂತೆಗೆಯಲಾಗದು. ನಿಜವಾದ ಹೋಲಿಕೆ ಇರುವುದು ಜಮ್ಮಾ ಭೂಮಿಯಲ್ಲಿ. ಅರಸನ ಕರೆ ಬಂದಾಗ ಆಯುಧ ಹಿಡಿದು ಬರಬೇಕೆಂಬ ಋಣಕ್ಕೆ ಆ ಹಿಡುವಳಿ ಕಟ್ಟಿಕೊಂಡಿತ್ತು. 1792ರ ಪಟ್ಟಿಯ ಪಕ್ಕದಲ್ಲಿ ಅದನ್ನಿಟ್ಟು ಒಂದು ಪ್ಯಾರಾ ಬರೆಯಿರಿ.

ತಿದ್ದುವ ಮೊದಲು ಒಂದು ಹಾಳೆಯಲ್ಲಿ 1792, 1903, 1939, 2008 ಎಂದು ನಾಲ್ಕು ಸಾಲು ಹಾಕಿ. ಪ್ರತಿ ಸಾಲಿನೆದುರು ಪಡೆಯಲ್ಲಿ ಯಾರಿದ್ದರು, ಕೋವಿ ಯಾರದ್ದು, ಕರೆಯುವ ಅಧಿಕಾರ ಯಾರದ್ದು ಎಂದು ಬರೆದುಕೊಳ್ಳಿ. ಲೇಖನದಲ್ಲಿ ‘ಮಿಲಿಷಿಯಾ’ ಬಂದಲ್ಲೆಲ್ಲ ಅದು ಯಾವ ಸಾಲಿನದ್ದೆಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಗುರುತು ಮಾಡಲಾಗದ ವಾಕ್ಯ ಹೊಡೆದುಹಾಕಿ. ಶಾಲೆಗಳ ಮೇಲಿನ ಗುಂಡಿನ ದಾಳಿಗಳ ಕುರಿತ ಭಾಗ ಬೇಡ, ಅದು ಇನ್ನೊಂದು ಲೇಖನಕ್ಕೆ ಆಗುವ ವಿಷಯ. ಒಟ್ಟು 1,500 ಪದ ಮೀರದಂತೆ ಕಳಿಸಿದರೆ ಮುಂದಿನ ಸಂಚಿಕೆಗೆ ಓದುತ್ತೇವೆ.

ಇತಿ,
ಸಂಪಾದಕರು