ಮಳೆಯಲ್ಲಿ ಚಕಮಕಿ ಬಂದೂಕಿನ ರಂಜಕ ಒದ್ದೆಯಾಗದ ಹಾಗೆ ಹೇಗೆ ಕಾಯುತ್ತಿದ್ದರು?

ಟಿಪ್ಪು ಕಾಲದ ಚಕಮಕಿ ಬಂದೂಕಿನ ರಂಜಕವನ್ನು, ಅಂದರೆ ಬೆಂಕಿ ಹತ್ತಿಸುವ ಮದ್ದನ್ನು, ಮಳೆಯಿಂದ ಹೇಗೆ ಕಾಪಾಡುತ್ತಿದ್ದರು, ಬಟ್ಟೆ ಸುತ್ತಿದರೆ ಸಾಕಾಗುತ್ತಿತ್ತಾ ಅಂತ ಕೇಳಿದ್ದೀರಿ. ನಾನು ಶ್ರೀರಂಗಪಟ್ಟಣದವನು, ಹಳೆ ಆಯುಧಗಳ ಹುಚ್ಚು ಚಿಕ್ಕಂದಿನಿಂದ ಇದೆ. ಬಟ್ಟೆ ಸಾಲದು. ಮೇಲಿಂದ ಬೀಳುವ ನೀರಿಗಿಂತ ಒಳಗೆ ಕೂತಿರುವ ಮಸಿಯೇ ಜಾಸ್ತಿ ಕಾಟ ಕೊಡುವುದು.

ಬಂದೂಕಿನ ಕುದುರೆ ಅಂದರೆ ಕೀಲು ಎಳೆದಾಗ ಮುಂದಕ್ಕೆ ಬಡಿಯುವ ಕೊಕ್ಕೆ. ಅದರ ಬಾಯಲ್ಲಿ ಸಿಕ್ಕಿಸಿದ ಕಲ್ಲು ಉಕ್ಕಿನ ಮುಚ್ಚಳಕ್ಕೆ ಬಡಿಯುತ್ತದೆ. ಅದೇ ಏಟಿಗೆ ಮುಚ್ಚಳ ತೆರೆದು ಕಿಡಿ ನಳಿಗೆಯ ಪಕ್ಕದ ಪುಟ್ಟ ಬಟ್ಟಲಿಗೆ ಬೀಳುತ್ತದೆ. ಅಲ್ಲಿರುವ ಚಿಟಿಕೆ ಮದ್ದೇ ರಂಜಕ. ಅದು ಭಗ್ಗನೆ ಹತ್ತಿಕೊಂಡರೆ ಪಕ್ಕದ ಸಣ್ಣ ತೂತಿನಿಂದ ಬೆಂಕಿ ನಳಿಗೆಯೊಳಗೆ ಹೋಗುತ್ತದೆ.

ಈಗ ಮಸಿಯ ವಿಷಯ. ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಉಳಿದದ್ದು ಇದ್ದಿಲು, ಗಂಧಕ. ಶುದ್ಧ ಪೆಟ್ಲುಪ್ಪು ಅಷ್ಟು ಸುಲಭಕ್ಕೆ ನೀರು ಹೀರುವುದಿಲ್ಲ. ಆದರೆ ಮದ್ದು ಉರಿದ ಮೇಲೆ ಉಳಿಯುವ ಮಸಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಅದು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮುಚ್ಚದೆ ಬಿಟ್ಟ ಬೆಲ್ಲ ನೀರೊಡೆಯುತ್ತದಲ್ಲ, ಹಾಗೆ. ಎರಡು ಮೂರು ಗುಂಡು ಹಾರಿಸುವಷ್ಟರಲ್ಲಿ ಬಟ್ಟಲಿನ ತಳದಲ್ಲಿ ಕಪ್ಪು ರಾಡಿ. ಅದರ ಮೇಲೆ ಎಷ್ಟೇ ಒಣಗಿದ ಮದ್ದು ಹಾಕಿದರೂ ಅಡಿಯಿಂದ ನೆನೆದು ಹೋಗುತ್ತದೆ.

ಅದಕ್ಕೇ ಮೊದಲ ಕೆಲಸ ಒರೆಸುವುದು. ಪ್ರತಿ ಗುಂಡಿಗೂ ಬಟ್ಟಲು, ಮುಚ್ಚಳದ ಒಳಮೈ, ಕಲ್ಲಿನ ಅಂಚು ಮೂರನ್ನೂ ಒಣಬಟ್ಟೆಯಲ್ಲಿ ಒರೆಸಬೇಕು. ಉಕ್ಕಿನ ಮೇಲೆ ನೀರಿನ ಪಸೆಯಿದ್ದರೆ ಕಿಡಿ ಸರಿಯಾಗಿ ಏಳುವುದಿಲ್ಲ. ಗುಂಡು ಹಾರಿಸದೆ ಕಾದು ಕೂತಿದ್ದರೂ ಹಳೆ ರಂಜಕ ಚೆಲ್ಲಿ ಹೊಸದು ಹಾಕುತ್ತಿರಬೇಕು. ರಂಜಕಕ್ಕೆ ಸಾಮಾನ್ಯವಾಗಿ ತೀರಾ ನುಣ್ಣಗಿನ ಮದ್ದು ಬಳಸುತ್ತಾರೆ. ಆದರೆ ಅದು ಬೇಗ ತೇವ ಹಿಡಿಯುತ್ತದೆ. ಮಳೆಯ ದಿನ ಸ್ವಲ್ಪ ದಪ್ಪ ಕಾಳಿನ ಮದ್ದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಹೊರಗಿನ ನೀರು. ಅದು ನಳಿಗೆಯ ಮೈಮೇಲೆ ಹರಿದು ಬಂದು, ನಳಿಗೆಗೂ ಬಟ್ಟಲಿಗೂ ನಡುವೆ ಇರುವ ಕೂದಲೆಳೆಯ ಸಂದಿನಲ್ಲಿ ನುಗ್ಗುತ್ತದೆ. ಬಟ್ಟೆ ಸುತ್ತಿದರೂ ನೀರು ನುಗ್ಗುವ ದಾರಿ ಇದೇ. ಆ ಸಂದಿಗೆ, ಮುಚ್ಚಳ ಕೂರುವ ಅಂಚಿಗೆ ಜೇನುಮೇಣ ಮತ್ತು ಕೊಬ್ಬು ಬೆರೆಸಿ ತೆಳ್ಳಗೆ ಸವರುತ್ತಿದ್ದರು. ಮೇಣ ಬಟ್ಟಲಿನೊಳಗೆ ಇಳಿದರೆ ಅದೇ ಮದ್ದನ್ನು ಕೆಡಿಸುತ್ತದೆ, ಹುಷಾರು. ಅದರ ಮೇಲೆ ಕೊಬ್ಬು ತಿಕ್ಕಿದ ಚರ್ಮದ ಹೊದಿಕೆ. ನಳಿಗೆಯ ಬಾಯಿಗೆ ಮರದ ಬಿರಡೆ. ನಡೆಯುವಾಗ ಬಾಯಿ ಕೆಳಗೆ ಮಾಡಿ, ಕುದುರೆಯ ಭಾಗವನ್ನು ಕಂಕುಳಲ್ಲಿ ಒತ್ತಿಕೊಳ್ಳುವುದು.

ಇಷ್ಟೆಲ್ಲ ಯಾಕೆ ಅಂದರೆ, 1757ರಲ್ಲಿ ಬಂಗಾಳದ ಪ್ಲಾಸಿ ಯುದ್ಧದಲ್ಲಿ ಮಳೆ ಸುರಿದಾಗ ಇಂಗ್ಲಿಷರು ಮದ್ದಿಗೆ ಟಾರ್ಪಾಲು ಹೊದಿಸಿದ್ದರು, ನವಾಬನ ಕಡೆಯವರದು ನೆನೆದು ಹೋಯಿತು. ಯುದ್ಧದ ದಿಕ್ಕೇ ಬದಲಾಯಿತು. ನಮ್ಮ ಅರಕೆರೆ ಕಡೆಯೂ 1791ರ ಮೇ ತಿಂಗಳಲ್ಲಿ ಟಿಪ್ಪು ಮೇಲೆ ರಾತ್ರಿ ಏರಿಹೋಗಲು ಹೊರಟ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೇನೆಯನ್ನು ಗುಡುಗು ಮಳೆ ತಡೆದು ನಿಲ್ಲಿಸಿತ್ತು.

ರಂಜಕ ಮಾತ್ರ ನೆನೆದಿದ್ದರೆ ಚೆಲ್ಲಿ, ಒರೆಸಿ, ತೂತಿಗೆ ಸಣ್ಣ ತಂತಿ ಆಡಿಸಿ ಹೊಸದು ಹಾಕಬಹುದು. ನಳಿಗೆಯೊಳಗಿನ ಮದ್ದೂ ನೆನೆದರೆ ಬೇರೆ ದಾರಿಯಿಲ್ಲ. ಗಜದ (ಮದ್ದು, ಗುಂಡು ಒತ್ತುವ ಉದ್ದ ಕಡ್ಡಿಯ) ತುದಿಗೆ ತಿರುಪು ಹಾಕಿ, ಗುಂಡಿಗೆ ಕೊರೆದು ಕಚ್ಚಿಸಿ ಹೊರಗೆ ಎಳೆಯಬೇಕು. ಮಳೆಯಲ್ಲಿ ನಿಂತು, ಶತ್ರುವಿನ ಎದುರು ಅದನ್ನು ಮಾಡುವುದಕ್ಕೆ ಯಾರಿಗೂ ಪುರುಸೊತ್ತು ಸಿಗುತ್ತಿರಲಿಲ್ಲ.