‘ತಾಯಿಯ ದೋಷ’ ಎಂಬ ಸಾಲು ತೆಗೆಯಿರಿ

ನಮಸ್ಕಾರ.

ಯುಬಿಇ3ಎ ಎಂಬ ಕಿಣ್ವ ಮತ್ತು ನರಕೋಶದಲ್ಲಿ ಅದು ಇಲ್ಲದಾಗ ಮಕ್ಕಳಲ್ಲಿ ಕಾಣಿಸುವ ಏಂಜಲ್‌ಮನ್ ಸಿಂಡ್ರೋಮ್ ಎಂಬ ಕಾಯಿಲೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬೆಂಗಳೂರಿನ ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬರು ಇಂಥ ವಿಷಯವನ್ನು ಕನ್ನಡದಲ್ಲೇ ಬರೆಯಲು ಹೊರಟಿದ್ದು ನನಗೆ ತುಂಬ ಖುಷಿ ಕೊಟ್ಟಿದೆ. ಅದಕ್ಕೇ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ.

ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಬೇರೆ ಪ್ರೋಟೀನುಗಳಿಗೆ ಅಂಟಿ ಅವನ್ನು ನಾಶಕ್ಕೆ ಗುರುತು ಮಾಡುವುದನ್ನು ಕಂಡುಹಿಡಿದದ್ದಕ್ಕೆ ಸಿಕ್ಕ 2004ರ ನೊಬೆಲ್ ಕಥೆಗೆ ಒಂದು ಪುಟ ಕೊಟ್ಟಿದ್ದೀರಿ. ಎರಡು ಸಾಲು ಸಾಕು. ಪ್ರೋಟೀನಿಗೆ ಚೀಟಿ ಅಂಟಿಸಿ ಕಸದ ಗಾಡಿಗೆ ಹಾಕುವ ಹೋಲಿಕೆ ಚೆನ್ನಾಗಿದೆ, ಆದರೆ ಅತಿಯಾಗಿ ಎಳೆದಿದ್ದೀರಿ. ಯುಬಿಕ್ವಿಟಿನ್ ಅಂಟಿದ್ದೆಲ್ಲ ನಾಶವಾಗುವುದಿಲ್ಲ. ಯುಬಿಕ್ವಿಟಿನ್‌ಗಳು ಒಂದಕ್ಕೊಂದು ಕೂಡಿದ ಸರಪಳಿ ಅವುಗಳ 48ನೇ ಅಮೈನೋ ಆಮ್ಲವಾದ ಲೈಸೀನ್ ಮೂಲಕ ಬೆಳೆದರೆ ಆ ಪ್ರೋಟೀನು ಸಾಮಾನ್ಯವಾಗಿ ಪ್ರೋಟೀನು ಒಡೆಯುವ ಯಂತ್ರವಾದ ಪ್ರೋಟಿಯಸೋಮ್ ಪಾಲು. 63ನೇ ಲೈಸೀನ್ ಮೂಲಕ ಬೆಳೆದರೆ ಡಿಎನ್‌ಎ ದುರಸ್ತಿಯಂಥ ಕೆಲಸಗಳಿಗೆ ಸಂಕೇತ.

ಯುಬಿಕ್ವಿಟಿನ್ ಅಂಟಿಸಲು ಒಂದರ ನಂತರ ಒಂದು ಕೆಲಸ ಮಾಡುವ ಮೂರು ಬಗೆಯ ಕಿಣ್ವಗಳಲ್ಲಿ, ಮನುಷ್ಯರಲ್ಲಿ ಇ1 ಎರಡು, ಇ2 ಸುಮಾರು 40, ಇ3 600ಕ್ಕೂ ಹೆಚ್ಚು ಎಂದು ಬರೆದಿದ್ದೀರಿ. ಯಾಕೆ ಹೀಗೆ ಎಂದು ಹೇಳಿಲ್ಲ. ಯುಬಿಕ್ವಿಟಿನ್ ಯಾವ ಪ್ರೋಟೀನಿಗೆ ಅಂಟಬೇಕೆಂದು ಗುರುತಿಸುವುದು ಇ3, ಅದಕ್ಕೇ ಅಷ್ಟೊಂದು ಬಗೆ. ಯುಬಿಇ3ಎ ಕೂಡ ಇ3ಯೇ. ಅದನ್ನು ಬರೀ ‘ಮಧ್ಯವರ್ತಿ’ ಎಂದಿದ್ದೀರಿ. ಬಹಳಷ್ಟು ಇ3ಗಳಿಗೆ ಆ ಮಾತು ಒಪ್ಪುತ್ತದೆ. ಇದು ಮಾತ್ರ ಯುಬಿಕ್ವಿಟಿನ್ ಅನ್ನು ಮೊದಲು ತನ್ನದೇ ಒಂದು ಅಮೈನೋ ಆಮ್ಲವಾದ ಸಿಸ್ಟೀನ್‌ಗೆ ಅಂಟಿಸಿಕೊಂಡು, ಆಮೇಲೆ ಗುರಿಗೆ ದಾಟಿಸುವ ಗುಂಪಿನದು. ಪ್ಯಾಪಿಲೋಮ ವೈರಸ್ಸಿನ ಇ6 ಪ್ರೋಟೀನು (ಇದು ಇ1, ಇ2, ಇ3ಗಳ ಸಾಲಿನದಲ್ಲ) ಇದೇ ಕಿಣ್ವವನ್ನು ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನಿನ ಮೇಲೆ ಛೂ ಬಿಡುವ ಪ್ಯಾರಾ ಸೊಗಸಾಗಿದೆ. ಒಂದಕ್ಷರವನ್ನೂ ಮುಟ್ಟಬೇಡಿ.

ಇನ್ನು ‘ತಾಯಿಯ ದೋಷದಿಂದ ಮಗುವಿಗೆ ಏಂಜಲ್‌ಮನ್ ಸಿಂಡ್ರೋಮ್ ಬರುತ್ತದೆ’ ಎಂಬ ಸಾಲು. ಇದು ಹೋಗಲೇಬೇಕು. 15ನೇ ವರ್ಣತಂತುವಿನಲ್ಲಿರುವ ಯುಬಿಇ3ಎ ವಂಶವಾಹಿಯ ಎರಡು ಪ್ರತಿಗಳಲ್ಲಿ, ನರಕೋಶದೊಳಗೆ ಕೆಲಸ ಮಾಡುವುದು ತಾಯಿಯಿಂದ ಬಂದದ್ದು ಮಾತ್ರ. ತಂದೆಯಿಂದ ಬಂದದ್ದು ಅಲ್ಲಿ ಸುಮ್ಮನಿರುತ್ತದೆ. ಈ ಸಿಂಡ್ರೋಮ್ ಇರುವ ಶೇ. 70ರಷ್ಟು ಮಕ್ಕಳಲ್ಲಿ ತಾಯಿಯ ಕಡೆಯ ವರ್ಣತಂತುವಿನ ಒಂದು ತುಣುಕೇ ಕಳಚಿಹೋಗಿರುತ್ತದೆ. ಸಾಮಾನ್ಯವಾಗಿ ಅದು ಆ ಮಗುವಿನಲ್ಲೇ ಹೊಸದಾಗಿ ಕಾಣಿಸಿಕೊಂಡದ್ದು, ತಾಯಿಯಲ್ಲಿ ಇರುವುದಿಲ್ಲ. ಕೆಲವು ಮಕ್ಕಳಿಗೆ ಎರಡೂ ಪ್ರತಿ ತಂದೆಯಿಂದಲೇ ಬಂದಿರುತ್ತವೆ. ಇನ್ನು ಕೆಲವರಲ್ಲಿ ವಂಶವಾಹಿಯ ಬದಲಾವಣೆ ತಾಯಿಯಿಂದ ಬಂದರೂ, ಆಕೆಗೆ ಅದು ತನ್ನ ತಂದೆಯಿಂದ ಬಂದಿದ್ದರೆ ಆಕೆ ಆರೋಗ್ಯವಾಗಿಯೇ ಇರುತ್ತಾಳೆ. ಅಜ್ಜನಲ್ಲಿ, ಮಗಳಲ್ಲಿ ಏನೂ ತೋರದೆ ಮೊಮ್ಮಗುವಿನಲ್ಲಿ ಕಾಣಿಸಿಕೊಳ್ಳುವ ಈ ಸಂಗತಿಯೇ ನಿಮ್ಮ ಲೇಖನದ ಜೀವಾಳ ಆಗಬೇಕಿತ್ತು.

ಮಾತು ಬಾರದ, ಮೂರ್ಛೆ ಬರುವ ಮಗುವನ್ನು ಎತ್ತಿಕೊಂಡು ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ನಿಮ್ಹಾನ್ಸ್‌ಗೆ ಬರುವ ತಾಯಂದಿರಿದ್ದಾರೆ. ಅವರ ಕೈಗೂ ನಮ್ಮ ಪತ್ರಿಕೆ ಸಿಗುತ್ತದೆ, ಮನೆಯವರ ಕೈಗೂ ಸಿಗುತ್ತದೆ. ‘ಎಲ್ಲ ನಿನ್ನಿಂದಲೇ’ ಎಂದು ಚುಚ್ಚುವವರಿಗೆ ಅಚ್ಚಾದ ನಿಮ್ಮ ಸಾಲು ಆಧಾರವಾಗುತ್ತದೆ. ಅದಕ್ಕೆ ನಾನು ಜಾಗ ಕೊಡಲಾರೆ.

ಶೀರ್ಷಿಕೆಯೂ ಬದಲಾಗಲಿ. ‘ಬೊಂಬೆ ಮಕ್ಕಳು’ ಎಂಬುದು 1965ರಲ್ಲಿ ವೈದ್ಯ ಹ್ಯಾರಿ ಏಂಜಲ್‌ಮನ್ ಮೂವರು ಮಕ್ಕಳ ಬಗ್ಗೆ ಬರೆದಾಗ ಬಳಸಿದ ಹೆಸರು. ಈಗ ಯಾರೂ ಬಳಸುವುದಿಲ್ಲ. ನರಕೋಶದಿಂದ ಶುರುಮಾಡಿ, ಇ1, ಇ2ಗಳನ್ನು ಬೇಕಾದಾಗ ಮಾತ್ರ ಒಳಗೆ ತನ್ನಿ. ಎರಡು ಪ್ರತಿಗಳನ್ನು ತೋರಿಸುವ ಒಂದು ಚಿತ್ರ ಕೈಯಲ್ಲೇ ಬರೆದು ಲೇಖನದ ಜೊತೆ ಕಳಿಸಿ, ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ.

— ಸಂಪಾದಕ